ಮೇಜಿನ ಕೆಳಗಿನ ದಿಂಬು

ಅಕ್ಕಾ,

ಕೆಮ್ಮು ನನ್ನನ್ನು ಬಿಟ್ಟಿದೆ, ನೀನು ಹೆಣೆದ ಮಫ್ಲರನ್ನು ನಾನಿನ್ನೂ ಬಿಟ್ಟಿಲ್ಲ. ಈ ದ್ವೀಪದಲ್ಲಿ ಹೊರಗಿನವರನ್ನು ಯಾರೂ ಮಾತಾಡಿಸುವುದಿಲ್ಲ. ನನ್ನ ಮನೆಯೊಡತಿ ಅಜ್ಜಿಯಂತೂ ತಟ್ಟೆ ಇಟ್ಟು ಒಳಗೆ ಹೋದರೆ ಮುಗಿಯಿತು. ಊಟದ ಮೇಜಿನ ಕೆಳಗೆ ಸದಾ ಒಂದು ದಿಂಬು, ಒಂದು ತಂಬಿಗೆ ನೀರು ಇರುತ್ತವೆ. ಬೆಕ್ಕಿಗಿರಬೇಕು ಅಂದುಕೊಂಡಿದ್ದೆ.

ಮೊನ್ನೆ ನಾನು ಕೆಲಸಕ್ಕಿರುವ ಐಸ್ ಕಾರ್ಖಾನೆಗೆ ಹೊಸ ಸೈರನ್ ಕೂಡಿಸಿ, ಮಧ್ಯಾಹ್ನಕ್ಕೆ ತಾನೇ ಕೂಗುವಂತೆ ಮಾಡಿಟ್ಟು ಊಟಕ್ಕೆ ಬಂದೆ. ಅದು ಕೂಗಿದ್ದೇ ತಡ, ಬೀದಿಯ ಬಾಗಿಲುಗಳೆಲ್ಲ ದಬದಬ ಮುಚ್ಚಿದವು. ಅಜ್ಜಿ ನನ್ನ ರಟ್ಟೆ ಹಿಡಿದು ಮೇಜಿನ ಕೆಳಗೆ ಎಳೆದುಕೊಂಡರು. “ತಲೆ ಎತ್ಬೇಡ ಮಗಾ, ವಿಮಾನ ಹೋಗ್ಲಿ” ಎಂದು ನನ್ನ ತಲೆಯನ್ನು ದಿಂಬಿಗೊತ್ತಿ, ಮೇಲೆ ತಾವು ಬಾಗಿಕೊಂಡರು. ಯುದ್ಧದಲ್ಲಿ ಬಾಂಬು ಹಾಕಲು ವಿಮಾನ ಬಂದಾಗ ಇಲ್ಲಿ ಹೀಗೇ ಸೈರನ್ ಕೂಗುತ್ತಿತ್ತಂತೆ. ಅದಾಗಿ ನಲವತ್ತು ವರ್ಷ! ಊರು ಬಿಟ್ಟ ಮೇಲೆ ನನ್ನನ್ನು ಮುಟ್ಟಿದ ಮೊದಲ ಕೈ ಅದು. ಸದ್ದು ನಿಂತ ಮೇಲೂ ಅವರು ಬಿಡಲಿಲ್ಲ, ನಾನೂ ಬಿಡಿಸಿಕೊಳ್ಳಲಿಲ್ಲ.

ಸಂಜೆಯೇ ಸೈರನ್ ಇಳಿಸಿ ಗಂಟೆ ಕಟ್ಟಿದೆ. ಅಜ್ಜಿಯ ಹತ್ತಿರ ತಪ್ಪಾಯಿತೆಂದರೆ, “ಗೊತ್ತು, ಊಟ ಮಾಡು” ಎಂದು ಮೊದಲಿನಂತೆ ಒಳಗೆ ಹೋದರು.

ದೋಣಿಯವನು ಟಪಾಲು ಚೀಲ ಕಟ್ಟುತ್ತಿದ್ದಾನೆ, ಇನ್ನೊಂದೇ ಮಾತು. ಇವತ್ತು ಬೆಳಿಗ್ಗೆ ಕೆಳಗೆ ಬಿದ್ದ ಚಮಚ ಎತ್ತಿಕೊಳ್ಳಲು ಬಗ್ಗಿ ನೋಡಿದರೆ, ಮೇಜಿನ ಕೆಳಗೆ ಎರಡು ದಿಂಬು.

ನಿನ್ನ ತಮ್ಮ