ಹ್ಯಾಂಗರ್ ಗೋಡೆಯ ಬಿಳಿ ಚೌಕ

ಸಾನ್ ರೋಕೆ, ಸಾಂಬಾಲೆಸ್
ಬುಧವಾರ, ಅಕ್ಟೋಬರ್ 9

ಪ್ರೀತಿಯ ಅಜ್ಜಾ,

ನಿಮ್ಮ ಮಂಡಿನೋವು ಹೇಗಿದೆ? ಸಾಬೆಲ್ ಅಜ್ಜಿಯ ಮನೆಯ ಮೆಟ್ಟಿಲು ಕಡಿದು ಎಂದು ಪ್ರತಿ ವರ್ಷವೂ ಗೊಣಗುವವರು ನೀವೇ. ತಂಗಿಯ ಮನೆಗೆ ಬಂದ ಹುರುಪಿನಲ್ಲಿ ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬೇಡಿ. ರಕ್ತದೊತ್ತಡದ ಮಾತ್ರೆಗಳನ್ನು ಚೀಲದ ಹೊರಜೇಬಿನಲ್ಲಿ ಇಟ್ಟಿದ್ದೆ, ಸಿಕ್ಕಿರಬೇಕು. ಬೇಡವೆಂದರೂ ಅಜ್ಜಿ ಒಣಮೀನು ಬಡಿಸುತ್ತಾರೆ. ಒಂದು ತುಂಡು ತಿಂದು ಎದ್ದುಬಿಡಿ. ಇಲ್ಲಿ ನಿಮ್ಮ ಹುಂಜ ಕರ್ನಲ್ ಆರೋಗ್ಯವಾಗಿದೆ. ಬೆಳಗಿನ ಮೊದಲ ವಿಮಾನ ಎಂಜಿನ್ ಶುರುಮಾಡಿದರೆ ಈಗಲೂ ಬೇಲಿ ಹತ್ತಿ ಅದರೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ನೀವು ಹೋದ ಹೊಸದರಲ್ಲಿ ಮಾತ್ರ ನಾಲ್ಕು ದಿನ ನಿಮ್ಮ ಖಾಲಿ ಕುರ್ಚಿಯ ಕೆಳಗೆ ಮಲಗಿತ್ತು, ನಾನು ಹಾಕಿದ ಕಾಳನ್ನು ಮುಟ್ಟಲಿಲ್ಲ. ಅದಕ್ಕೂ ನನ್ನ ವಿಷಯ ಗೊತ್ತಾಗಿದೆಯೇನೋ ಎಂದುಕೊಂಡೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಎರಡು ಸಲ ಮಾಡಿದೆ. ನೀವು “ಏನ್ ಮಗಾ, ಊಟ ಆಯ್ತಾ?” ಎಂದಿರಿ, ನಾನು “ಆಯ್ತು” ಎಂದು ಇಟ್ಟುಬಿಟ್ಟೆ. ನನ್ನ ಬಾಯಿ ನಿಮಗೆ ಗೊತ್ತಿರುವುದೇ. ಮನಿಲಾದಲ್ಲಿ ನಾಲ್ಕು ವರ್ಷ ಸಾಹಿತ್ಯ ಓದಿ, ತರಗತಿಯಲ್ಲಿ ಒಂದು ದಿನವೂ ಕೈ ಎತ್ತದೆ ಪದವಿ ಹೊತ್ತು ತಂದವಳು ನಾನು. ವಿಮಾನದ ರೇಡಿಯೋದಲ್ಲಿ ಮಾತ್ರ ನನ್ನ ಗಂಟಲು ತೆರೆಯುತ್ತದೆ, ಏಕೆಂದರೆ ಅಲ್ಲಿ ಆಡಬೇಕಾದ ಮಾತನ್ನು ಯಾರೋ ಮೊದಲೇ ಗೊತ್ತುಮಾಡಿಟ್ಟಿದ್ದಾರೆ.

ಹಾರುವುದನ್ನು ಕಲಿಯುತ್ತೇನೆ ಎಂದು ಒಂದು ಸಂಜೆ ನಿಮಗೆ ಹೇಳಿದೆ. ಮರುದಿನ ಎಣ್ಣೆ ಮೆತ್ತಿದ ಅಂಗಿ ಬದಲಿಸಿ, ತಲೆ ಬಾಚಿಕೊಂಡು, ಕ್ಯಾಪ್ಟನ್ ಅಗ್ಬಯಾನಿಯವರ ಕೋಣೆಗೆ ಹೋದಿರಿ. ಈ ಹಾರಾಟ ಶಾಲೆಯ ವಿಮಾನಗಳನ್ನು ಮೂವತ್ತೊಂದು ವರ್ಷ ರಿಪೇರಿ ಮಾಡಿದ ಮೆಕ್ಯಾನಿಕ್ ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲಂತೆ. ನನ್ನನ್ನು ಸೇರಿಸಿಕೊಂಡರು. “ಕವಿತೆ ಓದ್ಕೊಂಡು ಬಂದೋಳು, ಚೆಂದದ ಮೋಡ ಕಂಡ್ರೆ ಅಲ್ಲೇ ಇಳಿಸಿಬಿಡ್ತಾಳೆ” ಎಂದು ಜೊತೆಯಲ್ಲಿ ಕಲಿಯುವ ದಿಂದೊ ಆಡಿಕೊಂಡಾಗ ನೀವು ಸ್ಪ್ಯಾನರಿನಿಂದ ತಲೆ ಎತ್ತದೆಯೇ ಹೇಳಿದ್ದಿರಿ: “ಇಳಿಸ್ಲಿ ಬಿಡಪ್ಪ. ನಿನ್ನ ಥರ ಮೂರು ಸಲ ಪುಟಿಸೋದಿಲ್ಲವಲ್ಲ.” ನಾನು ಮೊದಲ ಸಲ ಒಬ್ಬಳೇ ಹಾರಿ ಇಳಿದ ದಿನ, ತಲೆಯ ಮೇಲೆ ಬಕೆಟ್ ನೀರು ಸುರಿದಾದ ಮೇಲೆ, ಅಂಗಿಯ ಹಿಂದಿನ ತುದಿ ಕತ್ತರಿಸಲು ಕ್ಯಾಪ್ಟನ್ ಬಂದರು. ಕಲಿಸಿದವರು ಕತ್ತರಿಸಿ ಗೋಡೆಗೆ ತೂಗುಹಾಕುವುದು ಪದ್ಧತಿ. ಅವರು ಕತ್ತರಿಯನ್ನು ನಿಮ್ಮ ಕೈಗಿತ್ತು, “ಇವಳಿಗೆ ಕಲಿಸ್ದೋರು ನೀವೇ ಅಲ್ವಾ, ಮಾಂಗ್ ಸಿಡ್ರೋ, ನೀವೇ ಹಾಕಿ ಕತ್ತರಿ” ಎಂದರು. ನೀವು ಬಟ್ಟೆಯನ್ನು ಸೊಟ್ಟಗೆ ಕತ್ತರಿಸಿದಿರಿ. ಇಂದಿಗೂ ಆಫೀಸಿನ ಗೋಡೆಯ ಮೇಲೆ ಎಲ್ಲರದಕ್ಕಿಂತ ಸೊಟ್ಟ ತುಂಡು ನನ್ನದೇ.

ನೀವು ಕಲಿಸಿದ ಮೊದಲ ಪಾಠ ನೆಲದ ಮೇಲಿನದು. ಹಾರುವ ಮೊದಲು ರೆಕ್ಕೆಯ ಕೆಳಗಿನ ತೂಬಿನಿಂದ ಒಂದು ಗಾಜಿನ ಕೊಳವೆಗೆ ಪೆಟ್ರೋಲ್ ಇಳಿಸಿ ನೋಡಬೇಕು. ನೀರು ಬೆರೆತಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಂತು ನಡುವೆ ಗೆರೆ ಕಾಣುತ್ತದೆ. “ಗೆರೆ ಕಾಣಲಿಲ್ಲ ಅಂತ ಖುಷಿಪಡಬೇಡ ಮಗಾ. ಗಾಜಿನ ತುಂಬಾ ನೀರೇ ಇದ್ರೆ ಗೆರೆ ಎಲ್ಲಿಂದ ಬರುತ್ತೆ? ಬಣ್ಣ ನೋಡು. ವಿಮಾನದ ಪೆಟ್ರೋಲ್ ತಿಳಿನೀಲಿ. ಆಕಾಶಕ್ಕೆ ಹಿಡಿದು ಮಾತ್ರ ನೋಡಬೇಡ. ಆಕಾಶಕ್ಕೆ ಹಿಡಿದ್ರೆ ನಮ್ಮನೆ ಬಾವಿ ನೀರೂ ನೀಲಿ.” ಅದಕ್ಕೆಂದೇ ವಿಮಾನ ನಿಲ್ಲಿಸುವ ಹ್ಯಾಂಗರಿನ ಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ಬಿಳಿ ಚೌಕ ಬಳಿದಿದ್ದಿರಿ.

ಅಜ್ಜಾ, ಆ ಬೆಳಿಗ್ಗೆ ನಾನು ಆಕಾಶಕ್ಕೆ ಹಿಡಿದು ನೋಡಿದೆ.

ಚಂಡಮಾರುತ ಹೋದ ಮರುದಿನ. ಹ್ಯಾಂಗರಿನ ಮಾಡಿನ ತಗಡು ಹಾರಿ, ವಿಮಾನ ನಾಲ್ಕು ದಿನ ಮಳೆಯಲ್ಲಿ ನೆನೆದಿತ್ತು. ಆಮೇಲೆ ಆಕಾಶ ತೊಳೆದಿಟ್ಟ ಹಾಗೆ ಇತ್ತು, ನಾನು ಅದನ್ನೇ ನೋಡುತ್ತಾ ಗಾಜನ್ನು ಎತ್ತಿದೆ. ಗೆರೆಯಿಲ್ಲ, ನೀಲಿ. ಚೆಲ್ಲಿಬಿಟ್ಟೆ. ಮೂಗು ಕಟ್ಟಿದ್ದರಿಂದ ವಾಸನೆ ತಿಳಿಯಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಮೂಗು ಕಟ್ಟಿದ್ದು ನಿಜ. ಮೂಸಿ ನೋಡಲಿಲ್ಲ ಎಂಬುದೂ ನಿಜ. ಪಟ್ಟಿಯಲ್ಲಿ ಗುರುತು ಹಾಕಿದೆ. ನೀವು ಬಂದು ಡ್ರಮ್ಮಿನ ತಳದಲ್ಲಿ ಉಳಿದಿದ್ದ ಪೆಟ್ರೋಲನ್ನು ಎಂದಿನಂತೆ ನೀರನ್ನು ತಡೆಯುವ ಚರ್ಮದ ತುಂಡಿನಲ್ಲಿ ಸೋಸಿ ಟ್ಯಾಂಕಿಗೆ ತುಂಬಿಸಿದಿರಿ. ಅಷ್ಟರಲ್ಲಿ ಲೈಸೆನ್ಸ್ ಪರೀಕ್ಷೆಯ ಕಾಗದಕ್ಕೆ ಸಹಿ ಬೇಕೆಂದು ಕ್ಯಾಪ್ಟನ್ ನನ್ನನ್ನು ಕರೆದರು, ನನ್ನ ಸರದಿ ದಿಂದೊಗೆ ಹೋಯಿತು. ಅವನು ಇನ್ನೊಮ್ಮೆ ನೋಡಬೇಕಿತ್ತು. “ಮಾಂಗ್ ಸಿಡ್ರೋ ಸುರಿದಿದ್ದು, ಲಿವಾಯ್ ನೋಡಿದ್ದು, ಇನ್ನೇನು ನಾನು ನೋಡೋದು” ಎನ್ನುತ್ತಾ ಹತ್ತಿ ಕುಳಿತ.

ಎಂಜಿನ್ ನಿಂತ ಸದ್ದನ್ನು, ಅಂದರೆ ಸದ್ದು ನಿಂತದ್ದನ್ನು, ನೀವೂ ಕೇಳಿದಿರಿ. ಮುನ್ನೂರು ಅಡಿಯಿಂದ ಅವನು ನೇರ ಎದುರಿನ ಗದ್ದೆಗೆ ಇಳಿಸಿದ. ಮಂಡಿನೋವು ಮರೆತು ಆ ಕೆಸರಿನಲ್ಲಿ ಎಲ್ಲರಿಗಿಂತ ಮೊದಲು ಓಡಿದವರು ನೀವು. ಅವನ ಹೆಗಲಮೂಳೆ ಮುರಿದಿತ್ತು, ವಿಮಾನದ ಮೂತಿ ನೆಲದಲ್ಲಿ ಹೂತಿತ್ತು. ಟ್ಯಾಂಕು ಬಿಚ್ಚಿದರೆ ನೀರು.

ಮರುದಿನ ವಿಚಾರಣೆಯಲ್ಲಿ ಕ್ಯಾಪ್ಟನ್ ಕೇಳಿದ್ದು ಒಂದೇ ಪ್ರಶ್ನೆ. “ಯಾವುದಕ್ಕೆ ಹಿಡಿದು ನೋಡಿದೆ, ಲಿವಾಯ್?” ನಾನು ಹಿಡಿದದ್ದು ಆಕಾಶಕ್ಕೆ ಎಂದು ಅವರು ಕೇಳಿದ ಆ ಗಳಿಗೆಯಲ್ಲೇ ನನಗೆ ಹೊಳೆದದ್ದು. “ಗೋಡೆಯ ಬಿಳಿ ಚೌಕಕ್ಕೆ, ಸರ್. ಅಜ್ಜ ಹೇಳಿಕೊಟ್ಟ ಹಾಗೆ” ಎಂದೆ. ಜೀವಮಾನವಿಡೀ ಮಾತು ಸಿಗದೆ ತಡವರಿಸಿದ ಬಾಯಿ ಅದನ್ನು ಒಂದಿಷ್ಟೂ ತಡವರಿಸದೆ ಹೇಳಿತು.

ಚಂಡಮಾರುತದ ಹಿಂದಿನ ದಿನ ನೀವೇ ಹೊಸ ತಗಡಿನ ಹಾಳೆಗಳನ್ನು ಆ ಗೋಡೆಗೆ ಒರಗಿಸಿ, ಮೇಲೆ ಟಾರ್ಪಾಲು ಕಟ್ಟಿದ್ದಿರಿ. ಬಿಳಿ ಚೌಕ ಆ ವಾರವಿಡೀ ಯಾರಿಗೂ ಕಾಣುತ್ತಿರಲಿಲ್ಲ. ಕ್ಯಾಪ್ಟನ್‌ಗೆ ಇದು ನೆನಪಿಗೆ ಬರಲಿಲ್ಲ. ನಿಮಗೆ ಬಂತು. ನೀವು ನನ್ನ ಕಡೆ ನೋಡಿ, ಆಮೇಲೆ ನಿಮ್ಮ ಚಪ್ಪಲಿಯ ಕಡೆ ನೋಡಿದಿರಿ. ನಾನು ನೋಡಿದಾಗ ಪೆಟ್ರೋಲ್ ಶುದ್ಧವಾಗಿತ್ತು ಎಂದಾದರೆ ನೀರು ಬಂದದ್ದು ಆಮೇಲೆ ಸುರಿದ ಡ್ರಮ್ಮಿನಿಂದಲೇ ಎಂದಾಗುತ್ತದೆ. ಡ್ರಮ್ಮು ಖಾಲಿ, ಪರೀಕ್ಷಿಸಲು ಹನಿಯೂ ಇಲ್ಲ. “ನನ್ನ ಡ್ರಮ್ಮೇ ಇರ್ಬೇಕು ಸರ್. ವಯಸ್ಸಾಯ್ತು, ಸರಿಯಾಗಿ ಸೋಸಿರಲಿಕ್ಕಿಲ್ಲ” ಎಂದಿರಿ. ನಿಮ್ಮ ಸೋಸುವಿಕೆಯನ್ನು ಹುಡುಗರೆಲ್ಲ ಪೂಜೆ ಎಂದು ಹಾಸ್ಯ ಮಾಡುತ್ತಿದ್ದರು. ಅವರೇ ಅಂದು ಮಧ್ಯಾಹ್ನ, “ಮುದುಕಂಗೆ ಕಣ್ಣು ಮಂಜಾಗಿದೆ ಕಣೋ, ಮೊದಲೇ ಮನೆಗೆ ಕಳಿಸಬೇಕಿತ್ತು” ಎಂದರು. ನಾನು ಅಲ್ಲೇ ನಿಂತು ಬನ್ನು ತಿನ್ನುತ್ತಿದ್ದೆ. ನುಂಗಿದೆ. ಶನಿವಾರ ನೀವು ಹ್ಯಾಂಗರಿನ ಬೀಗದ ಕೈಯನ್ನು ಕ್ಯಾಪ್ಟನ್ ಮೇಜಿನ ಮೇಲಿಟ್ಟು ಬಸ್ ಹತ್ತಿದಿರಿ. ಕರ್ನಲ್‌ಗೆ ನೀರಿಡು ಎಂದಿರಿ, ಅಷ್ಟೇ.

ಕಳೆದ ಶುಕ್ರವಾರ ಪರೀಕ್ಷಕರು ಬಂದರು. ನಾನು ಪಾಸಾದೆ, ಅಜ್ಜಾ. ಈ ವಾಕ್ಯವನ್ನು ನಿಮಗೆ ಹೇಗೆ ಹೇಳಬೇಕೆಂದು ಎರಡು ವರ್ಷದಿಂದ ಮನಸ್ಸಿನಲ್ಲೇ ತಿದ್ದಿ ಇಟ್ಟಿದ್ದೆ. ಅಷ್ಟರಲ್ಲಿ ಗೋಡೆಯ ತಗಡು ತೆಗೆದಿದ್ದರು. ನಾನು ಗಾಜನ್ನು ಬಿಳಿ ಚೌಕಕ್ಕೆ ಹಿಡಿದೆ, ಮೂಸಿದೆ, ಅಂಗೈಗೆ ಒಂದು ಹನಿ ಬಿಟ್ಟು ಆರುವುದನ್ನು ನೋಡಿದೆ. ಪರೀಕ್ಷಕರು ಕನ್ನಡಕ ಮೇಲೇರಿಸಿ, “ಯಾರಮ್ಮ ಕಲಿಸಿದ್ದು? ಇಷ್ಟು ಸರಿಯಾಗಿ ನೋಡೋರನ್ನ ಈಚೆಗೆ ಕಂಡೇ ಇಲ್ಲ. ಕರೀರಿ ಅವರನ್ನ, ಕೈ ಕುಲುಕಬೇಕು” ಎಂದರು. ಕ್ಯಾಪ್ಟನ್ ಗಂಟಲು ಸರಿಮಾಡಿಕೊಂಡು, “ರಜೆ ಮೇಲಿದ್ದಾರೆ” ಎಂದರು. ನಾನು ಗೋಡೆ ನೋಡುತ್ತಾ ನಿಂತಿದ್ದೆ. ಆಮೇಲೆ ಹಾರಿದ್ದು, ಇಳಿದದ್ದು, ಎಲ್ಲರೂ ಬೆನ್ನು ತಟ್ಟಿದ್ದು ಯಾವುದೂ ನನಗೆ ಸರಿಯಾಗಿ ನೆನಪಿಲ್ಲ.

ನೀವು ಯಾಕೆ ಹಾಗೆ ಮಾಡಿದಿರಿ ಎಂದು ಕೇಳುವುದಿಲ್ಲ. ನನ್ನನ್ನು ಕ್ಷಮಿಸಿ ಎಂದು ಬೇಡುವುದೂ ಇಲ್ಲ. ನೀವು ಕ್ಷಮಿಸಿಯೇ ಬಸ್ ಹತ್ತಿದಿರಿ, ನನಗೆ ತಡೆಯಲಾಗದೆ ಇರುವುದು ಅದೇ.

ಸಾಬೆಲ್ ಅಜ್ಜಿಗೆ ನನ್ನ ನಮಸ್ಕಾರ. ಅವರ ಕೈಯನ್ನೂ ನಿಮ್ಮ ಕೈಯನ್ನೂ ನನ್ನ ಹಣೆಗೆ ಒತ್ತಿಕೊಂಡೆ ಎಂದು ತಿಳಿಯಿರಿ.

ನಿಮ್ಮ ಮೊಮ್ಮಗಳು,
ಲಿವಾಯ್

ಮರೆತಿದ್ದು: ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯವರು ಬಾಗಿಲು ಹಾಕುವ ಹೊತ್ತು. ಇದೆಲ್ಲವನ್ನೂ ಕಾಗದದಲ್ಲಿ ಬರೆದು ಇವತ್ತು ಬೆಳಿಗ್ಗೆಯೇ ಕ್ಯಾಪ್ಟನ್‌ಗೆ ಕೊಟ್ಟೆ, ಲೈಸೆನ್ಸ್ ಕಾಗದವನ್ನೂ ಜೊತೆಗಿಟ್ಟೆ. ನಿಮ್ಮನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದಿರಿ. ದಿಂದೊಗೆ ನಿನ್ನೆಯೇ ಹೇಳಿದೆ. ಅವನು, “ಅಜ್ಜನ್ನ ಮೊದಲು ಕರೆಸು, ಆಮೇಲೆ ನಿನಗೆ ಬೈತೀನಿ” ಎಂದ. ಕ್ಯಾಪ್ಟನ್ ಬೆಳಗಿನ ಸಭೆಯಲ್ಲಿ ನನ್ನ ಕಾಗದವನ್ನು ನನ್ನಿಂದಲೇ ಎಲ್ಲರೆದುರು ಓದಿಸಿದರು. ಓದಿದೆ. ಆರು ತಿಂಗಳು ನಾನು ಹಾರುವಂತಿಲ್ಲ, ದಿನವೂ ಬೆಳಿಗ್ಗೆ ಎಲ್ಲ ವಿಮಾನಗಳ ಪೆಟ್ರೋಲ್ ಗಾಜು ನಾನೇ ನೋಡಬೇಕು. ನಾನು ನೋಡಿದ್ದನ್ನು ಇನ್ನೊಬ್ಬರು ನೋಡಿ ಸಹಿ ಹಾಕದೆ ಯಾವ ವಿಮಾನವೂ ಹೊರಡುವುದಿಲ್ಲವಂತೆ. ಆ ಸಹಿ ಯಾರಿಂದ ಹಾಕಿಸಲಿ ಎಂದು ಅವರು ಪೆನ್ನು ಹಿಡಿದು ಕೇಳಿದರು. ನಿಮ್ಮ ಹೆಸರು ಬರೆಸಿದ್ದೇನೆ. ಸೋಮವಾರದಿಂದ ಶುರು.