ಐದನೇ ತಿಂಗಳ ಆಪರೇಷನ್

ಗುಂಡ್ಲುಪೇಟೆ
೩೦ ನವೆಂಬರ್ ೨೦೦೮

ಇನ್ನೂ ಮುಖ ಕಾಣದ ನನ್ನ ಕೂಸೇ,

ನೀನು ಬರಲು ಇನ್ನು ಹದಿನೈದು ದಿನ ಅಂತ ಡಾಕ್ಟರ್ ಹೇಳಿದ್ದಾರೆ. ನೀನು ಬಂದ ಮೇಲೆ ನನಗೆ ಕೂತು ಬರೆಯಲು ಪುರಸೊತ್ತು ಸಿಗುವುದಿಲ್ಲ. ನಮ್ಮ ಮನೆಮಾತು ಉರ್ದು. ಆದರೆ ಬೇಗೂರಿನ ಶಾಲೆಯಲ್ಲಿ ಕನ್ನಡ ಪಾಠ ಹೇಳುವ ನನಗೆ ಮನಸ್ಸಿನ ಮಾತು ಕಾಗದಕ್ಕೆ ಇಳಿಯುವುದು ಕನ್ನಡದಲ್ಲೇ. ನಾವಿಬ್ಬರೂ ಒಟ್ಟಿಗೆ ಏನನ್ನು ಗೆದ್ದು ಬಂದೆವು ಅನ್ನುವುದು ನಿನಗೆ ಗೊತ್ತಿರಬೇಕು.

ಮದುವೆಯಾದ ಹೊಸತರಲ್ಲಿ, ೨೦೦೪ರಲ್ಲಿ, ನನ್ನ ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲುಗಳು ಕಂಡವು. ಆಪರೇಷನ್ ಅಂದರೆ ನನಗೆ ಭಯ, ಬೇರೆ ದಾರಿ ಇದೆಯಾ ಎಂದು ಕೇಳಿದೆ. ಕಲ್ಲು ಕರಗಿಸುವ ಮಾತ್ರೆಯನ್ನು ಮೈಸೂರಿನ ಡಾಕ್ಟರೊಬ್ಬರು ಬರೆದುಕೊಟ್ಟರು. ಒಂದು ದಿನವೂ ತಪ್ಪಿಸದೆ ಒಂದೂವರೆ ವರ್ಷ ನುಂಗಿದೆ. ೨೦೦೬ರ ಸ್ಕ್ಯಾನಿನಲ್ಲಿ ಒಂದು ಕಲ್ಲೂ ಇರಲಿಲ್ಲ. ಅವತ್ತು ನಿನ್ನ ಅಬ್ಬಾ ರಿಯಾಜ್ ತರಕಾರಿ ಮಂಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿ ಬಿರಿಯಾನಿ ಕಟ್ಟಿಸಿಕೊಂಡು ಬಂದರು. "ಮತ್ತೆ ಬರಬಹುದು, ಎಚ್ಚರವಾಗಿರಿ" ಎಂದಿದ್ದ ಡಾಕ್ಟರ ಮಾತು ನಮ್ಮ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮರುವರ್ಷ ಬಸುರಾದೆ. ಅದು ಮೂರನೇ ತಿಂಗಳಿಗೇ ಹೋಯಿತು. ಅದಕ್ಕೇ ನೀನು ನಿಂತಾಗ ನಿನ್ನ ದಾದಿ, ಅಂದರೆ ಅಬ್ಬಾನ ಅಮ್ಮ ತಾಹಿರಾ, ನನಗೆ ಒಂದು ಕೊಡ ನೀರು ಎತ್ತಲೂ ಬಿಡಲಿಲ್ಲ.

ಈ ಜುಲೈನಲ್ಲಿ ನನಗೆ ನಾಲ್ಕನೇ ತಿಂಗಳು. ಏಳನೇ ಕ್ಲಾಸಿಗೆ ಸಂಧಿ ಹೇಳಿಕೊಡುತ್ತಿದ್ದೆ. ಬಲಪಕ್ಕೆಯ ಕೆಳಗೆ ಯಾರೋ ಕೈಯಿಟ್ಟು ತಿರುಚಿದ ಹಾಗಾಯಿತು. ನೋವು ಬೆನ್ನಿಗೆ ಹತ್ತಿ, ಭುಜಕ್ಕೆ ಏರಿತು. ಸೀಮೆಸುಣ್ಣ ಹಿಡಿದುಕೊಂಡೇ ನೆಲಕ್ಕೆ ಕುಸಿದೆ. ಬಿಸಿಯೂಟದ ಅಡುಗೆ ಮಾಡುವ ರಾಚಮ್ಮ ಸೌಟು ಬಿಸಾಕಿ ಓಡಿಬಂದರು. "ಯಾಕ್ರವ್ವಾ ಮೇಡಮ್ಮೋರೆ, ಕೂಸಿಗೇನಾರ ಆಯ್ತಾ?" ಅಂದರು. ನನಗೂ ಅದೇ ಭಯ. ನಿನ್ನನ್ನೂ ಕಳೆದುಕೊಂಡೆ ಅಂದುಕೊಂಡೆ.

ಚಾಮರಾಜನಗರದಲ್ಲಿ ಸ್ಕ್ಯಾನ್ ಮಾಡಿದರು. ಮೊದಲು ನೀನು ಕಂಡೆ, ಕಾಲು ಮಡಚಿಕೊಂಡು ಹಾಯಾಗಿದ್ದೆ. ಆಮೇಲೆ ಸ್ವಲ್ಪ ಮೇಲಕ್ಕೆ ನೋಡಿದರು. ಕಲ್ಲುಗಳು ಮತ್ತೆ ಬಂದಿದ್ದವು, ಮೊದಲಿಗಿಂತ ಹೆಚ್ಚು.

ಮೈಸೂರಿನಲ್ಲಿ ಈ ಸಲ ನೋಡಿದ್ದು ಒಬ್ಬರು ಸರ್ಜನ್ ಮೇಡಂ. ಬಿರಿಯಾನಿ ತಿಂದು ನಾನೇ ಕೆಡಿಸಿಕೊಂಡೆನಾ ಎಂದು ಕೇಳಿದೆ. ಅವರು ನಕ್ಕರು. "ನಿಮ್ಮ ತಪ್ಪಲ್ಲ. ಪಿತ್ತ ತಯಾರಾಗೋದು ಲಿವರಿನಲ್ಲಿ. ಪಿತ್ತಕೋಶ ಅದನ್ನ ಕೂಡಿಟ್ಟುಕೊಂಡು, ನೀವು ಎಣ್ಣೆ ತುಪ್ಪ ತಿಂದಾಗ ಹಿಂಡಿ ಕರುಳಿಗೆ ಬಿಡುತ್ತೆ. ನಿಮ್ಮದು ಪೂರ್ತಿ ಹಿಂಡ್ತಿಲ್ಲ. ಬಸುರಲ್ಲಂತೂ ಅದು ಇನ್ನೂ ನಿಧಾನ. ಒಳಗೇ ನಿಂತ ಪಿತ್ತ ಕಲ್ಲು ಕಟ್ಟುತ್ತೆ. ಮಾತ್ರೆ ಕಲ್ಲನ್ನ ಕರಗಿಸ್ತು, ಆದರೆ ಚೀಲ ಅದೇ ಅಲ್ವಾ? ಹಾಗೆ ಕರಗಿಸಿಕೊಂಡವರಲ್ಲಿ ಸುಮಾರು ಅರ್ಧ ಜನಕ್ಕೆ ಐದು ವರ್ಷದೊಳಗೆ ಮತ್ತೆ ಬರುತ್ತೆ."

ಎಣ್ಣೆ ಬಿಟ್ಟೆ, ತುಪ್ಪ ಬಿಟ್ಟೆ, ಗಂಜಿ ಕುಡಿದುಕೊಂಡಿದ್ದೆ. ಆದರೂ ಎರಡು ವಾರದಲ್ಲಿ ಮೂರು ಸಲ ನೋವು ಬಂತು. ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ನೀನು ಬೆಳೆಯಬೇಕಾದ ಹೊತ್ತಿನಲ್ಲಿ ನಾನು ನಾಲ್ಕು ಕಿಲೋ ಇಳಿದೆ. ಕಲ್ಲು ಜಾರಿ ಪಿತ್ತ ಹರಿಯುವ ನಾಳದಲ್ಲಿ ಸಿಕ್ಕಿಕೊಂಡರೆ ಇಬ್ಬರಿಗೂ ಅಪಾಯ, ಪಿತ್ತಕೋಶ ತೆಗೆಯುವುದಾದರೆ ಐದನೇ ತಿಂಗಳೇ ಸರಿಯಾದ ಸಮಯ ಎಂದರು ಮೇಡಂ.

ನಿನ್ನ ದಾದಿ ಒಪ್ಪಲಿಲ್ಲ. "ಬಸುರಿ ಹೊಟ್ಟೆಗೆ ಯಾರಾದರೂ ಕತ್ತರಿ ಹಾಕುತ್ತಾರಾ?" ಎಂದು ಅತ್ತರು. ನಿನ್ನ ಅಬ್ಬಾ ಒಮ್ಮೆ ತಮ್ಮ ಅಮ್ಮನ ಮುಖ ನೋಡುತ್ತಿದ್ದರು, ಒಮ್ಮೆ ನನ್ನ ಮುಖ ನೋಡುತ್ತಿದ್ದರು.

ಭಾನುವಾರ ರಾಚಮ್ಮ ಬೇಗೂರಿನಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ದಾದಿಯ ಪಕ್ಕ ಕೂತು, ಸೆರಗು ಸರಿಸಿ, ಪಕ್ಕೆಯಲ್ಲಿದ್ದ ಗೇಣುದ್ದದ ಗಾಯದ ಗುರುತು ತೋರಿಸಿದರು. "ನೋಡ್ರವ್ವಾ, ನಂಗೂ ಇದೇ ಆಗಿತ್ತು. ತೆಗ್ಸಿ ಎಂಟು ವರ್ಸ ಆಯ್ತು. ನಾ ಉಣ್ತಿಲ್ವಾ? ಮುನ್ನೂರು ಮಕ್ಳಿಗೆ ಬೇಯ್ಸಾಕ್ತಿಲ್ವಾ? ನೀವು ಅಳ್ತಾ ಕುಂತ್ರೆ ಒಳಗಿರೋ ಕೂಸು ಉಪಾಸ ಬೀಳ್ತದೆ." ದಾದಿ ಆ ಗುರುತನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಗ ನಾನು ಹೇಳಿದೆ: "ಹೆದರಿಕೊಂಡು ನಾಲ್ಕು ವರ್ಷ ತಳ್ಳಿದ್ದು ಸಾಕು. ನಾನು ಮಾಡಿಸಿಕೊಳ್ಳುತ್ತೇನೆ." ಹೀಗೆ ಗಟ್ಟಿಯಾಗಿ ನಾನು ಆ ಮನೆಯಲ್ಲಿ ಮಾತಾಡಿದ್ದು ಅದೇ ಮೊದಲು. ದಾದಿ ಕಣ್ಣೊರೆಸಿಕೊಂಡು ಎದ್ದು, ತಾವೇ ನನ್ನ ಬಟ್ಟೆ ಜೋಡಿಸಿದರು.

ಆಗಸ್ಟ್ ಮೊದಲ ವಾರ ಆಪರೇಷನ್ ಆಯಿತು, ರಾಚಮ್ಮನಿಗೆ ಮಾಡಿದ ಹಾಗೆ ಉದ್ದ ಕೊಯ್ಯದೆ, ಸಣ್ಣ ತೂತುಗಳಿಂದಲೇ. ಎಚ್ಚರವಾದಾಗ ಕೈ ಮೊದಲು ಹೊಟ್ಟೆಯ ಮೇಲೆ ಹೋಯಿತು. ನರ್ಸ್ ಒಂದು ಪುಟ್ಟ ಯಂತ್ರ ತಂದು ಹೊಟ್ಟೆಗೆ ಒತ್ತಿದಳು. ಮೊದಲು ಬರೀ ಗರಗರ ಸದ್ದು. ಅವಳು ಅದನ್ನು ಸರಿಸಿ ಸರಿಸಿ ಹುಡುಕಿದಳು. ಆಮೇಲೆ ಕೇಳಿಸಿತು ನಿನ್ನ ಎದೆಬಡಿತ, ಜೋರಾಗಿ ತುಳಿದ ಹೊಲಿಗೆ ಮಿಷನ್ನಿನ ಹಾಗೆ, ಎಲ್ಲೂ ತಡವರಿಸದೆ. ದಾದಿ ನರ್ಸಿನ ಕೈ ಹಿಡಿದು ಕನ್ನಡದಲ್ಲಿ ಕೇಳಿದರು, "ಇನ್ನೊಂದು ಸಲ ಕೇಳಿಸಮ್ಮ." ಬಾಗಿಲ ಹೊರಗೆ ನಿಂತಿದ್ದ ನಿನ್ನ ಅಬ್ಬಾ ಗೋಡೆಗೆ ತಿರುಗಿ ಅತ್ತದ್ದನ್ನು ನಾನು ನೋಡಿದೆ. ನೋಡಲಿಲ್ಲ ಅಂದುಕೊಂಡಿದ್ದಾರೆ. ನೀನೂ ಹೇಳಬೇಡ.

ಮನೆಗೆ ಬಂದ ಆರನೇ ದಿನ ನೀನು ಒದ್ದೆ. ಮೊದಲ ಒದೆ.

ಈಗ ಪಿತ್ತ ಲಿವರಿನಿಂದ ನೇರವಾಗಿ ಸ್ವಲ್ಪ ಸ್ವಲ್ಪವೇ ಕರುಳಿಗೆ ಇಳಿಯುತ್ತದಂತೆ. ಅಪರೂಪಕ್ಕೆ ನಾಳದಲ್ಲಿ ಕಲ್ಲು ಬರಬಹುದು, ನೋವಾದರೆ, ಕಣ್ಣು ಹಳದಿಯಾದರೆ ಕೂಡಲೇ ಬನ್ನಿ ಎಂದಿದ್ದಾರೆ ಮೇಡಂ. ಈ ಸಲ ಆ ಮಾತು ತಲೆಗೆ ಹೋಗಿದೆ. ಶುರುವಿನಲ್ಲಿ ಎಣ್ಣೆ ಹೆಚ್ಚಾದರೆ ಹೊಟ್ಟೆ ಕೆಡುತ್ತಿತ್ತು, ಈಗ ಅದೂ ಇಲ್ಲ. ಸೆಪ್ಟೆಂಬರಿನಿಂದ ಮತ್ತೆ ಪಾಠಕ್ಕೆ ಹೋದೆ. ಇಳಿದ ನಾಲ್ಕು ಕಿಲೋದ ಜೊತೆಗೆ ಇನ್ನೂ ಎಂಟು ಕಿಲೋ ಬಂದಿದೆ, ಅದರಲ್ಲಿ ನಿನ್ನ ಪಾಲು ಎಷ್ಟೋ ನೋಡೋಣ.

ನನ್ನ ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಗುರುತುಗಳಿವೆ. ನೀನು ಬೆಳೆದ ಹಾಗೆಲ್ಲ ಅವೂ ಅಗಲವಾಗಿವೆ. ಸ್ನಾನಕ್ಕೆ ನಿಂತಾಗ ಅವನ್ನು ನೋಡಿ ನನಗೆ ಹೆಮ್ಮೆಯಾಗುತ್ತದೆ. ಹೆಣ್ಣೋ ಗಂಡೋ, ನೀನು ಏನೇ ಆಗಿರು, ಅಂಜುಬುರುಕಿಯ ಮಗು ಅಂತ ನಿನ್ನನ್ನು ಯಾರೂ ಕರೆಯುವ ಹಾಗಿಲ್ಲ.

ಅಲ್ಲಾಹ್ ನಿನಗೆ ಗಟ್ಟಿ ಮೈ, ತುಂಬು ಆಯುಷ್ಯ ಕೊಡಲಿ. ಹೆದರದೆ ಬಾ. ಬಂದ ಕೂಡಲೇ ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಅಳು.

ನಿನ್ನ ದಾರಿ ಕಾಯುತ್ತಿರುವ ಅಮ್ಮಿ,
ಸುಮಯ್ಯ