ಅಡುಗೆಮನೆಯ ಮೇಜಿನ ಮೇಲೆ ಎರಡು ಮತಪತ್ರ

ಅಕ್ಟೋಬರ್ 29, ಮಂಗಳವಾರ. ಯಾಕಿಮಾ.

ನಮ್ಮ ಕಡೆ ಮತಪತ್ರ ಅಂಚೆಯಲ್ಲಿ ಬರುತ್ತದೆ, ಮನೆಯಲ್ಲೇ ತುಂಬಿ ಕಳಿಸಬೇಕು; ಅವು ಬಂದ ದಿನದಿಂದ ನನಗೆ ಅಳುಕಿತ್ತು. ಇಂದು ಮಧ್ಯಾಹ್ನ ಊಟದ ತಟ್ಟೆ ಎತ್ತುತ್ತಿದ್ದಂತೆ ಗಂಡ ವರ್ಲಿನ್ ಎರಡನ್ನೂ ಅಡುಗೆಮನೆಯ ಮೇಜಿನ ಮೇಲೆ ಹರಡಿಯೇಬಿಟ್ಟ.

"ಬಾರೇ, ಒಟ್ಟಿಗೇ ತುಂಬಿ ಮುಗಿಸೋಣ."

"ನಾನು ಆಮೇಲೆ ತುಂಬ್ತೀನಿ, ಬಿಡು."

"ಯಾಕೆ, ಫೋನಲ್ಲಿ ಮಗಳು ಕಿವಿ ಊದಿದಾಳಾ? ಮೂವತ್ತೊಂದು ವರ್ಷದಿಂದ ಈ ಮನೇದು ಒಂದೇ ಪಕ್ಷ ಕಣೇ."

ಈ ಪಕ್ಷದ ಜಗಳಕ್ಕೇ ಮಗಳು ಕೊರಿನ್ ಎರಡು ವರ್ಷದಿಂದ ಮನೆಗೆ ಕಾಲಿಟ್ಟಿಲ್ಲ. ನನಗೀಗ ಅವಳ ಮಾತೇ ಸರಿ ಅನ್ನಿಸುತ್ತದೆ. ಆದರೂ ಪೆನ್ನು ಕೈಗೆತ್ತಿಕೊಂಡೆ. ಅವನು ಬೆರಳಿಟ್ಟ ಕಡೆಯಲ್ಲೆಲ್ಲ ಶಾಯಿ ತುಂಬಿದೆ. ಥೂ, ನನ್ನ ಕೈಯೇ!

ಅವನು ಕಾಫಿ ಬಗ್ಗಿಸಿಕೊಳ್ಳಲು ಎದ್ದಾಗ ನನ್ನ ಮತಪತ್ರದ ಲಕೋಟೆಯ ಮೇಲೆ ಮದುವೆಗೆ ಮುಂಚಿನ ಹೆಸರಿನಲ್ಲಿ ಸಹಿ ಹಾಕಿ ಮಗುಚಿಟ್ಟೆ. ಚುನಾವಣಾ ಕಚೇರಿಯಲ್ಲಿರುವ ಸಹಿಗೆ ತಾಳೆಯಾಗದ ಮತವನ್ನು ಎಣಿಸುವುದಿಲ್ಲ. ಅವನೇ ಒಯ್ದು ಮತಪೆಟ್ಟಿಗೆಗೆ ಹಾಕಿ ಬಂದ. ಪಾತ್ರೆ ತೊಳೆಯುವಾಗ ಒಳಗೊಳಗೇ ನಗು ಬರುತ್ತಿತ್ತು.

ಹಾಸಿಗೆಗೆ ಬಂದ ಮೇಲೆ ನೆನಪಾಯಿತು. ಸಹಿ ತಾಳೆಯಾಗದಿದ್ದರೆ ಚುನಾವಣಾ ಕಚೇರಿಯವರು ಮನೆಗೆ ಕಾಗದ ಹಾಕುತ್ತಾರೆ, ಬಂದು ಸರಿಪಡಿಸಿ ಎಂದು. ಹೋದ ಸಲ ಪಕ್ಕದ ಮನೆಯ ಡೆಲ್ಫಿನಾಳಿಗೆ ಬಂದಿತ್ತು.

ನಮ್ಮ ಟಪಾಲು ಡಬ್ಬಿಗಿರುವುದು ಒಂದೇ ಬೀಗದ ಕೈ. ಅದು ವರ್ಲಿನ್ ಜೇಬಿನಲ್ಲಿರುತ್ತದೆ.